ಲೇಸರ್ ಏರಿಸುವ ಮೊದಲು: ಲೈಟ್ ಶೀಟ್‌ನಲ್ಲಿ ಜೀಬ್ರಾ ಮೀನಿನ ಮರಿಯ ಒಳ್ಳೆಯ ಚಿತ್ರ ತೆಗೆಯುವುದು

"ಮೇಡಂ, ಒಳಗಡೆ ಏನೂ ಸರಿಯಾಗಿ ಕಾಣ್ತಿಲ್ಲ. ಲೇಸರ್ ಇನ್ನೂ ಸ್ವಲ್ಪ ಜಾಸ್ತಿ ಮಾಡ್ಲಾ?"

ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದಲ್ಲಿ ಮೈಕ್ರೋಸ್ಕೋಪ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಬಂದ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ ಇದೇ. ನಾನು ಬೇಡ ಅನ್ನುತ್ತೇನೆ. ಮೀನನ್ನು ಹೊರಗೆ ತೆಗೆಯಿರಿ, ಕೂರಿಸಿರುವುದು ಹೇಗಿದೆ ನೋಡೋಣ ಅನ್ನುತ್ತೇನೆ. ಲೈಟ್ ಶೀಟ್ ಅನ್ನುವ ಈ ಮೈಕ್ರೋಸ್ಕೋಪ್‌ನಲ್ಲಿ ಚಿತ್ರ ಕೆಡುವುದು ಬಹುಪಾಲು ಲೇಸರ್ ಹಚ್ಚುವ ಮೊದಲೇ.

ನಮ್ಮೂರಿನ ಹೆಂಚಿನ ಮನೆಯಲ್ಲಿ ಒಂದು ಬೆಳಕಿಂಡಿ ಇತ್ತು. ಬೆಳಿಗ್ಗೆ ಅದರಿಂದ ಬಿಸಿಲು ಕೋಲಿನ ಹಾಗೆ ಓರೆಯಾಗಿ ಬೀಳುತ್ತಿತ್ತು. ಪಕ್ಕದಿಂದ ನೋಡಿದರೆ ಆ ಕೋಲಿನೊಳಗಿನ ಧೂಳಿನ ಕಣ ಒಂದೊಂದೂ ಕಾಣುತ್ತಿತ್ತು. ಕೋಣೆಯ ಬೇರೆ ಕಡೆಯೂ ಅಷ್ಟೇ ಧೂಳಿತ್ತು, ಆದರೆ ಅದು ಕಾಣುತ್ತಿರಲಿಲ್ಲ. ಲೈಟ್ ಶೀಟ್ ಮಾಡುವುದೂ ಇದನ್ನೇ. ಬೆಳಕನ್ನು ತೆಳ್ಳನೆಯ ಹಾಳೆಯಾಗಿ ಪಕ್ಕದಿಂದ ಹಾಯಿಸುತ್ತದೆ, ಅದಕ್ಕೆ ಲಂಬವಾಗಿ ಇಟ್ಟ ಕ್ಯಾಮೆರಾದಿಂದ ನೋಡುತ್ತದೆ. 1903ರಲ್ಲಿ ವಿಜ್ಞಾನಿಗಳಾದ ಸೀಡೆನ್‌ಟಾಪ್ಫ್ ಮತ್ತು ಜಿಗ್ಮಂಡಿ ಇದೇ ಉಪಾಯದಿಂದ ಗಾಜಿನೊಳಗಿನ ಚಿನ್ನದ ಕಣಗಳನ್ನು ನೋಡಿದ್ದರು. 2004ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಯಿಸ್ಕೆನ್, ಸ್ಟೆಲ್ಝರ್ ಮತ್ತವರ ಸಂಗಡಿಗರು ಜೀವಂತ ಭ್ರೂಣಗಳಿಗೆ ಇದನ್ನು ಒಗ್ಗಿಸಿದರು. ಕಾನ್ಫೋಕಲ್ ಅನ್ನುವ ಇನ್ನೊಂದು ಬಗೆಯ ಮೈಕ್ರೋಸ್ಕೋಪ್‌ನಲ್ಲಿ ಒಂದು ಪದರ ನೋಡಲು ಅದರ ಮೇಲಿನ, ಕೆಳಗಿನ ಪದರಗಳೂ ಲೇಸರ್ ತಿನ್ನಬೇಕು. ಇಲ್ಲಿ ನೋಡುವ ಪದರಕ್ಕೆ ಮಾತ್ರ ಬೆಳಕು. ಹಾಗಾಗಿಯೇ ಒಂದು ಮರಿಯನ್ನು ರಾತ್ರಿಯಿಡೀ ನೋಡಿದರೂ ಅದು ಬದುಕಿರುತ್ತದೆ.

ಇಲ್ಲಿ ಹೇಳುವುದೆಲ್ಲ ಎರಡು ದಿನದ ಜೀಬ್ರಾ ಮೀನಿನ ಮರಿಗೆ. ರಕ್ತನಾಳ ಮಾತ್ರ ಹಸಿರಾಗಿ ಹೊಳೆಯುವ ತಳಿ, ತಲೆಯ ಭಾಗದ ಚಿತ್ರ ಬೇಕು ಅಂತ ಇಟ್ಟುಕೊಳ್ಳಿ.

ಮೊದಲು ಮರಿಯ ಚರ್ಮದಲ್ಲಿ ಮೂಡುವ ಕಪ್ಪು ಬಣ್ಣ. ಮರಿಗೆ 24 ಗಂಟೆ ತುಂಬುವ ಹೊತ್ತಿಗೇ ನೀರಿಗೆ ಆ ಬಣ್ಣ ಮೂಡದಂತೆ ತಡೆಯುವ ಪಿಟಿಯು ಅನ್ನುವ ರಾಸಾಯನಿಕವನ್ನು 0.003 ಶೇಕಡಾ ಹಾಕಬೇಕು. ತಡವಾದರೆ ಆಗಲೇ ಮೂಡಿದ ಚುಕ್ಕೆ ಹೋಗುವುದಿಲ್ಲ. ಒಂದೊಂದು ಚುಕ್ಕೆಯೂ ಬೆಳಕಿಗೆ ಅಡ್ಡ ನಿಂತು, ಹಿಂದೆ ಉದ್ದನೆಯ ನೆರಳು ಬಿಡುತ್ತದೆ. ಪಿಟಿಯು ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ. ಚರ್ಮದಲ್ಲಿ ಕಪ್ಪು ಬಣ್ಣವೇ ಇಲ್ಲದ ಕ್ಯಾಸ್ಪರ್ ತಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಆಮೇಲೆ ಅಗರೋಸ್. ಹಲ್ವಾ ಮಾಡುವ ಚೀನಾ ಗ್ರಾಸ್ ಗೊತ್ತಲ್ವಾ, ಅದೇ ಕಡಲಪಾಚಿಯಿಂದ ಬರುವ, ಆದರೆ ಶುದ್ಧ ಮಾಡಿದ ವಸ್ತು ಇದು. ಕಡಿಮೆ ಶಾಖಕ್ಕೆ ಕರಗುವ ಜಾತಿಯದು ಬೇಕು. ಮೀನಿನ ನೀರಿನಲ್ಲೇ 1 ಶೇಕಡಾ ಕರಗಿಸಿ, ಬಿಸಿ ಇರುವಾಗಲೇ ಸೋಸಿ, 37 ಡಿಗ್ರಿಯಲ್ಲಿಡಿ. ಅದಕ್ಕಿಂತ ಬಿಸಿ ಇದ್ದರೆ ಮರಿಗೆ ಪೆಟ್ಟು. ಸೋಸದಿದ್ದರೆ ಒಂದು ನಾರು, ಒಂದು ಧೂಳಿನ ಕಣ ಸಾಕು, ಇಡೀ ಚಿತ್ರದ ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆಗಳು ಬರಲು.

ಈ ಅಗರೋಸ್‌ಗೆ ಹೊಳೆಯುವ ಪುಟ್ಟ ಬೀಡ್‌ಗಳನ್ನು ಬೆರೆಸಿ. ಅರ್ಧ ಮೈಕ್ರಾನ್ ಅಥವಾ ಒಂದು ಮೈಕ್ರಾನಿನವು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಬೆರೆಸುವ ಮೊದಲು ವೋರ್ಟೆಕ್ಸ್ ಯಂತ್ರದಲ್ಲಿಟ್ಟು ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಗಂಟುಗಂಟಾಗಿ ಅಂಟಿಕೊಂಡಿರುತ್ತವೆ. ಪ್ರತಿ ನೋಟದಲ್ಲೂ ಕೆಲವು ನೂರು ಬೀಡ್ ಬಿಡಿಬಿಡಿಯಾಗಿ ಕಾಣಬೇಕು. ಅದಕ್ಕಿಂತ ತುಂಬಾ ದಟ್ಟವಾದರೆ ಮೀನಿನ ಮುಂದೆಯೇ ಮಂಜು ಕವಿದ ಹಾಗಾಗುತ್ತದೆ. ಬೀಡ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಅದನ್ನು ಹಾಕುವ ಹೊತ್ತು ಇದೊಂದೇ. ಮರೆತರೆ ಮತ್ತೆ ಮೊದಲಿಂದ ಶುರು ಮಾಡಬೇಕು.

ಮರಿಗೆ ಟ್ರೈಕೇನ್ ಅನ್ನುವ ಅರಿವಳಿಕೆ ಔಷಧ ಕೊಟ್ಟು ಮಲಗಿಸಿ. ಒಂದು ಮಿಲಿಮೀಟರ್ ಒಳ ಅಗಲದ ಗಾಜಿನ ಕ್ಯಾಪಿಲರಿಗೆ, ಅಂದರೆ ಸಣ್ಣ ಕೊಳವೆಗೆ, ಮರಿಯನ್ನು ಅಗರೋಸ್ ಸಮೇತ ಪ್ಲಂಜರ್‌ನಿಂದ ಎಳೆದುಕೊಳ್ಳಿ. ಬಾಲ ಮೊದಲು ಒಳಗೆ ಹೋಗಬೇಕು, ಆಗ ತಲೆ ತುದಿಯ ಹತ್ತಿರ ಉಳಿಯುತ್ತದೆ. ಮರಿಯ ಜೊತೆ ನೀರು ಜಾಸ್ತಿ ಬಂದರೆ ಅಲ್ಲಿ ಅಗರೋಸ್ ತೆಳುವಾಗಿ, ಆಮೇಲೆ ಆ ಜಾಗದಲ್ಲೇ ಮುರಿಯುತ್ತದೆ. ಗಟ್ಟಿಯಾದ ಮೇಲೆ ಬೇಕಾದಷ್ಟೇ ಹೊರಗೆ ತಳ್ಳಿ. ಗಾಜಿನ ಮೂಲಕ ನೋಡಲು ಹೋಗಬೇಡಿ. ಬೆಳಕು ಎಷ್ಟು ಬಾಗುತ್ತದೆ ಅಂತ ಹೇಳುವ ವಕ್ರೀಭವನ ಸೂಚ್ಯಂಕ ನೀರಿನದು 1.33, ಗಾಜಿನದು 1.5ರ ಆಸುಪಾಸು. ಆ ವ್ಯತ್ಯಾಸಕ್ಕೆ ಹಾಳೆ ಸೊಟ್ಟಗಾಗುತ್ತದೆ. ಅಗರೋಸ್ ಕಂಬ ತೀರಾ ಉದ್ದ ಬಿಟ್ಟರೂ ತಪ್ಪು, ತಿರುಗಿಸುವಾಗ ಓಲಾಡುತ್ತದೆ.

ರಾತ್ರಿಯಿಡೀ ನೋಡುವುದಾದರೆ ನಾನು ಈ ದಾರಿ ಬಿಡುತ್ತೇನೆ. 1 ಶೇಕಡಾ ಅಗರೋಸ್‌ನಲ್ಲಿ ಮರಿ ಬೆಳೆಯಲು ಜಾಗವಿಲ್ಲ, ಬಾಲ ಬಗ್ಗುತ್ತದೆ. ಎಫ್‌ಇಪಿ ಅನ್ನುವ ಪ್ಲಾಸ್ಟಿಕ್ ಟ್ಯೂಬ್ ಸಿಗುತ್ತದೆ, ಅದರ ಸೂಚ್ಯಂಕ 1.34. ನೀರಿಗೆ ಇಷ್ಟು ಹತ್ತಿರ ಇರುವುದರಿಂದ ಅದರ ಮೂಲಕವೇ ನೋಡಬಹುದು. ಒಳಗೆ 0.1 ಶೇಕಡಾ ತೆಳು ಅಗರೋಸ್, ಕೆಳಗಿನ ತುದಿಗೆ 1.5 ಶೇಕಡಾದ ಗಟ್ಟಿ ಬಿರಡೆ. ಮರಿ ಅದರ ಮೇಲೆ ಹಾಯಾಗಿ ನಿಲ್ಲುತ್ತದೆ. ಹೀಗೆ ಕೂರಿಸಿದ ಮರಿ ಬೆಳಿಗ್ಗೆ ನೆಟ್ಟಗೆ ಬೆಳೆದಿರುವುದನ್ನು ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

ಮರಿಯನ್ನು ಇಳಿಬಿಡುವ ನೀರು ತುಂಬಿದ ಚೇಂಬರ್ ಇದೆಯಲ್ಲ, ಅದರ ನೀರಿಗೂ ಟ್ರೈಕೇನ್ ಬೇಕು. ಒಮ್ಮೆ ನಾನು ಅಗರೋಸ್‌ಗೆ ಮಾತ್ರ ಹಾಕಿದ್ದೆ. ಮೂರು ಗಂಟೆಯಲ್ಲಿ ಔಷಧ ಸುತ್ತಲಿನ ನೀರಿಗೆ ಇಳಿದುಹೋಗಿ ಮರಿ ಎಚ್ಚರವಾಯಿತು. ಉಳಿದ ಒಂಬತ್ತು ಗಂಟೆಯ ಚಿತ್ರದಲ್ಲಿ ಬರೀ ಒದ್ದಾಟ. ಅದು ನೋವಿನಲ್ಲಿತ್ತೇನೋ ಅನ್ನುವ ಯೋಚನೆ ಚಿತ್ರ ಹೋದದ್ದಕ್ಕಿಂತ ಜಾಸ್ತಿ ಕಾಡಿತು. ಚೇಂಬರಿಗೆ ಹಾಕುವ ನೀರನ್ನು ಮೊದಲೇ 28.5 ಡಿಗ್ರಿಗೆ ಬೆಚ್ಚಗೆ ಮಾಡಿಡಿ. ತಣ್ಣೀರು ಚೇಂಬರಿನಲ್ಲಿ ಬಿಸಿಯಾದರೆ ಗುಳ್ಳೆ ಏಳುತ್ತದೆ, ಲೆನ್ಸಿಗೆ ಅಂಟಿಕೊಳ್ಳುತ್ತದೆ.

ಮರಿ ಕೂತ ಮೇಲೆ ಅರ್ಧ ಗಂಟೆ ಸುಮ್ನೆ ಬಿಡಿ. ಅಗರೋಸ್ ಕಚ್ಚಿಕೊಳ್ಳುವವರೆಗೆ ಸ್ವಲ್ಪ ಜಾರುತ್ತಲೇ ಇರುತ್ತದೆ.

ಈಗ ಹಾಳೆ. ಹಾಳೆ ಅಂದರೂ ಅದು ಎಲ್ಲ ಕಡೆ ಒಂದೇ ದಪ್ಪ ಅಲ್ಲ. ನಡುವೆ ಡಮರುಗದ ಸೊಂಟದ ಹಾಗೆ ಸಣ್ಣಗಿದ್ದು ಆಚೆ ಈಚೆ ಅಗಲವಾಗುತ್ತದೆ. 488 ನ್ಯಾನೋಮೀಟರ್ ಬೆಳಕನ್ನು ನೀರಿನಲ್ಲಿ 4 ಮೈಕ್ರಾನ್ ದಪ್ಪಕ್ಕೆ ಇಳಿಸಿದರೆ ಅದು ತೆಳ್ಳಗೆ ಉಳಿಯುವುದು ಸುಮಾರು 70 ಮೈಕ್ರಾನ್ ದೂರ. 8 ಮೈಕ್ರಾನ್ ಸಾಕು ಅಂದರೆ ಸುಮಾರು 270. ದಪ್ಪ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. 20 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್ ಲೆನ್ಸ್, 6.5 ಮೈಕ್ರಾನ್ ಪಿಕ್ಸೆಲ್, 2048 ಪಿಕ್ಸೆಲ್ ಅಗಲದ ಕ್ಯಾಮೆರಾದಲ್ಲಿ ಚಿತ್ರದ ಅಗಲ ಸುಮಾರು 666 ಮೈಕ್ರಾನ್ ಆಗುತ್ತದೆ. ಅಷ್ಟು ಅಗಲಕ್ಕೂ 4 ಮೈಕ್ರಾನಿನ ಹಾಳೆ ಹಿಡಿದರೆ ನಡು ಮಾತ್ರ ಚಂದ, ಅಂಚೆಲ್ಲ ಮಸುಕು. ಇಡೀ ತಲೆಗೆ ದಪ್ಪ ಹಾಳೆ ಒಪ್ಪಿಕೊಳ್ಳಿ. ಒಂದೇ ನಾಳದ ಕವಲು ಬೇಕಾದರೆ ಮಾತ್ರ ತೆಳ್ಳಗೆ ಮಾಡಿ, ಸೊಂಟವನ್ನು ಅಲ್ಲಿಗೇ ತನ್ನಿ.

ಹಾಳೆ ಕ್ಯಾಮೆರಾದ ಫೋಕಸ್ ಮೇಲೆಯೇ ಕೂತಿದೆಯಾ? ಇದನ್ನು ಮೀನಿನ ಮೇಲೆ ನೋಡಿ ಹೇಳುವುದು ಕಷ್ಟ, ಬೀಡ್ ಮೇಲೆ ಸುಲಭ. ಒಂದು ಬೀಡಿನ ಮೇಲೆ ಕೆಳಗೆ ಪದರ ಸರಿಸಿ. ಎರಡೂ ಕಡೆ ಒಂದೇ ರೀತಿ ಮಸುಕಾದರೆ ಸರಿ. ಒಂದು ಕಡೆ ಮಾತ್ರ ಧೂಮಕೇತುವಿನ ಹಾಗೆ ಬಾಲ ಬಂದರೆ ಹಾಳೆ ಸರಿದಿದೆ ಅಂತ ಅರ್ಥ. ಎಡದಿಂದ ಬರುವ ಹಾಳೆ, ಬಲದಿಂದ ಬರುವ ಹಾಳೆ, ಲೇಸರಿನ ಪ್ರತಿ ಬಣ್ಣ, ಎಲ್ಲದಕ್ಕೂ ಬೇರೆ ಬೇರೆಯಾಗಿ ನೋಡಬೇಕು. ನಿನ್ನೆ ಸರಿ ಇತ್ತು ಅಂತ ಇವತ್ತು ಬಿಡಬೇಡಿ. ಚಿತ್ರದಲ್ಲಿ ಗೆರೆ ಉಳಿದಿದ್ದರೆ ಪಿವಟ್ ಸ್ಕ್ಯಾನ್ ಹಾಕಿ. ಹಾಳೆ ಅತ್ತಿತ್ತ ಸಣ್ಣಗೆ ತೂಗುತ್ತದೆ, ನೆರಳುಗಳು ಒಂದರೊಳಗೊಂದು ಕರಗುತ್ತವೆ.

ಒಂದೇ ದಿಕ್ಕಿನಿಂದ ನೋಡಿದರೆ ಆಚೆ ಬದಿ ಯಾವತ್ತೂ ಮಸುಕೇ. ಮರಿಯ ಆಹಾರ ತುಂಬಿರುವ ಹಳದಿ ಚೀಲ (ಯೋಕ್) ಬೆಳಕನ್ನು ಚದುರಿಸುತ್ತದೆ, ಅದರ ಹಿಂದಿರುವುದನ್ನು ಯಾವ ಲೇಸರೂ ತೋರಿಸುವುದಿಲ್ಲ. ಮರಿಯನ್ನೇ ತಿರುಗಿಸಬೇಕು. ನಾನು 72 ಡಿಗ್ರಿಗೊಂದರಂತೆ ಐದು ನೋಟ ತೆಗೆಯುತ್ತೇನೆ. ಈಗ ಬೀಡ್‌ಗಳು ಕೆಲಸಕ್ಕೆ ಬರುತ್ತವೆ. ಫಿಜಿ ಅನ್ನುವ ಚಿತ್ರ ಸಂಸ್ಕರಣೆಯ ತಂತ್ರಾಂಶದಲ್ಲಿರುವ ಬಿಗ್‌ಸ್ಟಿಚರ್ ಅವುಗಳ ಗುಂಪಿನ ಆಕಾರ ನೋಡಿ ಐದನ್ನೂ ಒಂದಕ್ಕೊಂದು ಹೊಂದಿಸುತ್ತದೆ. ಒಂದು ನೋಟದ ಆಳದ ದಿಕ್ಕಿನ ಮಸುಕನ್ನು ಇನ್ನೊಂದು ನೋಟ ತುಂಬಿಕೊಡುತ್ತದೆ. ಆಮೇಲೆ ಡಿಕಾನ್ವೊಲ್ಯೂಷನ್‌ಗೂ, ಅಂದರೆ ಲೆಕ್ಕ ಹಾಕಿ ಮಸುಕು ಕಳೆಯುವುದಕ್ಕೂ, ಅದೇ ಬೀಡ್‌ಗಳೇ ಅಳತೆಗೋಲು.

ಪದರದ ಹೆಜ್ಜೆ ಒಂದರಿಂದ ಎರಡು ಮೈಕ್ರಾನ್ ಸಾಕು. ಇನ್ನೂ ಸಣ್ಣದು ಮಾಡಿದರೆ ಬೆಳಕು ಮತ್ತು ಡಿಸ್ಕ್ ಎರಡೂ ದಂಡ. ಲೆಕ್ಕ ಹಾಕಿ: ಒಂದು ಚಿತ್ರ 8.4 ಎಂಬಿ, 400 ಪದರ, ಐದು ನೋಟ ಅಂದರೆ ಸುಮಾರು 17 ಜಿಬಿ. ಹತ್ತು ನಿಮಿಷಕ್ಕೊಮ್ಮೆ ಹನ್ನೆರಡು ಗಂಟೆ ಅಂದರೆ 1.2 ಟಿಬಿ. ಅದೂ ಒಂದೇ ಬಣ್ಣಕ್ಕೆ.

ಇಲಿಯ ಮೆದುಳಿನಂಥ ದೊಡ್ಡ, ಜೀವವಿಲ್ಲದ ಸ್ಯಾಂಪಲ್ ಆದರೆ ದಾರಿ ಬೇರೆ. ಅದನ್ನು ಮೊದಲು ಪಾರದರ್ಶಕ ಮಾಡಬೇಕು. ಈಥೈಲ್ ಸಿನ್ನಮೇಟ್‌ನಲ್ಲಿಟ್ಟರೆ ದ್ರವದ ಸೂಚ್ಯಂಕ 1.56, ಆಬ್ಜೆಕ್ಟಿವ್ ಅದಕ್ಕೇ ಹೊಂದುವಂತಿರಬೇಕು. ನೀರಿನ ಲೆನ್ಸನ್ನು ಅದರಲ್ಲಿ ಅದ್ದಬೇಡಿ.

ಇಷ್ಟೆಲ್ಲ ಆದಮೇಲೆ ಲೇಸರ್ ತೀರಾ ಕಡಿಮೆಯಿಂದ ಶುರು ಮಾಡಿ, ನಾಳದ ಗೋಡೆ ಸ್ಪಷ್ಟವಾದಲ್ಲಿಗೆ ನಿಲ್ಲಿಸಿ. ರಾತ್ರಿಗೆ ಬಿಟ್ಟು ಹೊರಡುವ ಮೊದಲು, ಮೊದಲ ಸುತ್ತಿನ ಐದು ನೋಟಗಳನ್ನು ಅಲ್ಲೇ ಕೂತು ಜೋಡಿಸಿ ನೋಡಿ. ಬೀಡ್‌ಗಳು ಒಂದರ ಮೇಲೊಂದು ಕೂತರೆ ಕೋಣೆಯ ದೀಪ ಆರಿಸಿ, ಬಾಗಿಲು ಮೆಲ್ಲಗೆ ಹಾಕಿಕೊಂಡು ಮನೆಗೆ ಹೋಗಿ.