ನಿಮ್ಮೂರಿನ ಬಿಸಿಲು ಎಷ್ಟು ಅಪಾಯದ್ದು ಅಂತ ನೀವೇ ತಿಳಿಯುವುದು ಹೇಗೆ

ಏಪ್ರಿಲ್ ಬಂತೆಂದರೆ ಎಲ್ಲರೂ ಮೊಬೈಲ್‌ನಲ್ಲಿ ಒಂದೇ ಅಂಕಿ ನೋಡುತ್ತಾರೆ. ಇವತ್ತು 38, ನಾಳೆ 39. ಅದು ನೆರಳಿನಲ್ಲಿರುವ ಗಾಳಿಯ ಬಿಸಿ ಅಷ್ಟೇ. ತಗಡಿನ ಶೀಟಿನ ಕೆಳಗೆ ಮಲಗುವವರಿಗೆ, ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರಿಗೆ ತಾಕುವ ಬಿಸಿ ಬೇರೆಯೇ. ಅದಕ್ಕೇ ಅಂಕಿಯ ಜೊತೆ ಇನ್ನೂ ಕೆಲವನ್ನು ನೋಡಬೇಕು.

ಮೊದಲು ಎತ್ತರ. ಸಾವಿರ ಮೀಟರ್ ಮೇಲೆ ಹೋದರೆ ಸುಮಾರು 6.5 ಡಿಗ್ರಿ ತಂಪು. ಧಾರವಾಡ 700 ಮೀಟರಿಗೂ ಮೇಲಿದೆ, ರಾಯಚೂರು ಸುಮಾರು 400ರಲ್ಲಿದೆ, ಅಷ್ಟಕ್ಕೇ ಎರಡು ಡಿಗ್ರಿ ಫರಕು ಬಂತು ನೋಡಿ. ಮೇಲಾಗಿ ಧಾರವಾಡಕ್ಕೆ ಸಂಜೆ ಪಶ್ಚಿಮದ ಗಾಳಿ ಬೀಸುತ್ತದೆ, ಅಳ್ನಾವರ ಕಡೆಯ ಕಾಡು ಹತ್ತಿರದಲ್ಲೇ ಇದೆ. ಅಣ್ಣಿಗೇರಿ ದಾಟಿ ಗದಗದ ಕಡೆ ಹೊರಟರೆ ಆ ಅನುಕೂಲ ಕಮ್ಮಿಯಾಗುತ್ತಾ ಹೋಗುತ್ತದೆ. ಇನ್ನೂ ಪೂರ್ವಕ್ಕೆ, ಉತ್ತರಕ್ಕೆ ಹೋದರೆ ಕಷ್ಟ ಜಾಸ್ತಿ. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಗಳಲ್ಲೇ ಅಲ್ವಾ?

ಆಮೇಲೆ ನೆಲ. ಇದನ್ನು ಬಹಳ ಜನ ಗಮನಿಸುವುದಿಲ್ಲ. ನೆಲದಲ್ಲಿ ಹಸಿ ಇದ್ದರೆ, ಗಿಡಮರ ಇದ್ದರೆ, ಬಿಸಿಲಿನ ಶಕ್ತಿಯ ದೊಡ್ಡ ಪಾಲು ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಿಂಗಾರಿ ಜೋಳ, ಕಡಲೆ ಕಿತ್ತ ಮೇಲೆ ರೋಣ, ನರಗುಂದದ ಎರೆಹೊಲ ಬರಿದಾಗಿ ಬಿರುಕು ಬಿಟ್ಟಿರುತ್ತದೆ. ಆವಿಯಾಗಲು ನೀರೇ ಇಲ್ಲ. ಕಪ್ಪು ಮಣ್ಣು ಬಿಸಿಲನ್ನೆಲ್ಲ ಹೀರಿ ಗಾಳಿಯನ್ನೇ ಕಾಯಿಸುತ್ತದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರೆ ಮುಂದಿನ ಬೇಸಿಗೆಗೆ ಮೊದಲೇ ತಯಾರಾಗಿ.

ಹವಾಮಾನ ಇಲಾಖೆ ಬಯಲಿನಲ್ಲಿ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದರೆ ಬಿಸಿಗಾಳಿ ಅನ್ನುತ್ತದೆ. ಕರಾವಳಿಗೆ 37 ಸಾಕು. ಯಾಕೆಂದರೆ ಕಾರವಾರದ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ನಮ್ಮ ಕಡೆ ಗಾಳಿ ಒಣ, ಅದಕ್ಕೇ ನೀರಿನ ಕೂಲರ್ ಗದಗದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕಾರವಾರದಲ್ಲಿ ಸುಮ್ನೆ ದುಡ್ಡು ದಂಡ. ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟುವುದೂ ಇಲ್ಲಿಗೆ ಸರಿ. ಆದರೆ ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರುವುದರಿಂದ ಎಷ್ಟು ನೀರು ಹೋಯಿತು ಅಂತ ಗೊತ್ತಾಗುವುದಿಲ್ಲ. ಬಾಯಾರುವವರೆಗೆ ಕಾಯಬೇಡಿ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ರಾತ್ರಿ. ಹಗಲು ಕಾದ ಮೈ ರಾತ್ರಿ ತಣಿದರೆ ಮರುದಿನ ತಡೆದುಕೊಳ್ಳುತ್ತದೆ. ಹುಬ್ಬಳ್ಳಿಯ ಒತ್ತೊತ್ತಾದ ಓಣಿಗಳಲ್ಲಿ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಯನ್ನು ರಾತ್ರಿಯಿಡೀ ಬಿಡುತ್ತಿರುತ್ತವೆ. ಅದೇ ಊರಿನಲ್ಲಿ ಉಣಕಲ್ ಕೆರೆ ಕಡೆ ಮರಗಳಿರುವ ಜಾಗಕ್ಕೆ ಹೋಗಿ ನೋಡಿ, ಬೇರೆಯೇ ಅನ್ನಿಸುತ್ತದೆ. ಹಳ್ಳಿಯ ಹಳೇ ಮಣ್ಣಿನ ಮಾಳಿಗೆ ಮನೆ ದಪ್ಪ ಗೋಡೆ, ಬೆಳಕಿಂಡಿಯಿಂದ ತಂಪಾಗಿರುತ್ತಿತ್ತು. ಅದನ್ನು ಕೆಡವಿ ತಗಡು ಹಾಕಿದವರು ಮಾರ್ಚ್‌ನಲ್ಲೇ ತಗಡಿಗೆ ಬಿಳಿ ಸುಣ್ಣ ಹೊಡೆಯಿರಿ. ಖರ್ಚು ಕಮ್ಮಿ, ಒಳಗಿನ ಬಿಸಿ ನಿಜವಾಗಿಯೂ ಇಳಿಯುತ್ತದೆ. 2010ರ ಬಿಸಿಲಿಗೆ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಲಿಗೆಂದೇ ಯೋಜನೆ ಮಾಡಿತು, ಮುಂದೆ ಬಡವರ ಓಣಿಗಳ ಚಾವಣಿಗೆ ಬಿಳಿ ಬಣ್ಣ ಬಳಿಸಿತು. ನಮ್ಮ ಪಾಲಿಕೆ, ಪಂಚಾಯಿತಿಗಳನ್ನೂ ಇದನ್ನೇ ಕೇಳಿ.

ಕೊನೆಗೆ ಓಣಿಯಲ್ಲಿ ಒಂದು ಸುತ್ತು ಹಾಕಿ. ಒಬ್ಬರೇ ಇರುವ ಅಜ್ಜ, ಅಜ್ಜಿ ಯಾರು, ಬಿಪಿ, ಸಕ್ಕರೆ ಕಾಯಿಲೆ ಇರುವವರು ಯಾರು, ಮಧ್ಯಾಹ್ನ 12ರಿಂದ 3ರವರೆಗೆ ಹೊಲದಲ್ಲಿ, ಕಟ್ಟಡದ ಮೇಲೆ ಇರುವವರು ಯಾರು ಅಂತ ತಿಳಿದುಕೊಳ್ಳಿ. ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ. ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಮೈ ಸುಡುತ್ತಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ, ನೆರಳಿಗೆ ತಂದು ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಿರಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.