ಮರದ ನಾರಿನಿಂದ ಮೃದ್ವಸ್ಥಿ: ಜೆಲ್ ತಯಾರಾಗುವುದು ಹೀಗೆ

ಮೂಳೆ ಮುರಿದರೆ ಪ್ಲಾಸ್ಟರ್ ಹಾಕಿಸಿಕೊಂಡು ಕಾಯಬಹುದು, ಕೂಡಿಕೊಳ್ಳುತ್ತದೆ. ಅದೇ ಮೂಳೆಯ ತುದಿಗೆ ಹೊದಿಸಿದಂತಿರುವ ಮೃದ್ವಸ್ಥಿ ಕಿತ್ತುಬಂದರೆ ಹಾಗಲ್ಲ. ಅದರಲ್ಲಿ ರಕ್ತನಾಳವೇ ಇಲ್ಲ, ರಿಪೇರಿಯ ಸಾಮಾನು ಬರುವುದು ಎಲ್ಲಿಂದ? ಹಾಳಾದ ಮೃದ್ವಸ್ಥಿ ಮತ್ತೆ ಸರಿಹೋಗದು ಎಂದು ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಬರೆದಿದ್ದ.

ಮೃದ್ವಸ್ಥಿಯ ಬಹುಪಾಲು ನೀರು. ಆ ನೀರನ್ನು ಹಿಡಿದಿಟ್ಟುಕೊಂಡ ಕೊಲಾಜನ್ ಎಂಬ ಪ್ರೋಟೀನ್ ನಾರಿನ ಬಲೆ, ನಡುನಡುವೆ ವಿರಳವಾಗಿ ಜೀವಕೋಶಗಳು. ಅಂದರೆ ನೀರು ಹಿಡಿಯುವ ನಾರಿನ ಬಲೆಯನ್ನು ನಾವೇ ಹೆಣೆದು, ಒಳಗೆ ಜೀವಕೋಶಗಳನ್ನು ಕೂರಿಸಿದರೆ? ಸ್ವೀಡನ್ನಿನ ಗೊಥೆನ್‌ಬರ್ಗ್‌ನಲ್ಲಿ ಚಾಲ್ಮರ್ಸ್ ವಿಶ್ವವಿದ್ಯಾಲಯದ ಪಾಲ್ ಗಾಟೆನ್‌ಹೋಮ್ ತಂಡ 2015ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ನಾರು ಬಂದದ್ದು ಮರದಿಂದ, ಅದರ ಹೆಸರು ಸೆಲ್ಯುಲೋಸ್.

ಮೊದಲ ಕೆಲಸ, ನಾರು ಬಿಡಿಸುವುದು. ತೆಂಗಿನ ನಾರಿನ ಹಗ್ಗದ ಹುರಿ ಬಿಚ್ಚಿದರೆ ಎಳೆ, ಎಳೆಯೊಳಗೆ ಇನ್ನೂ ಸಣ್ಣ ಎಳೆ. ಕಾಗದ ಮಾಡುವ ಮರದ ತಿರುಳೂ ಹಾಗೆಯೇ, ಆದರೆ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕಿಣ್ವ ಹಾಕಿ ಸಡಿಲಿಸುವುದು ಒಂದು ದಾರಿ. ಟೋಕಿಯೊದ ಅಕಿರಾ ಇಸೊಗಾಯ್ ಮತ್ತು ಸಂಗಡಿಗರು ಕಂಡುಕೊಂಡ ದಾರಿ ಇನ್ನೊಂದು: ಟೆಂಪೊ ಎಂಬ ರಾಸಾಯನಿಕದ ನೆರವಿನಿಂದ ಎಳೆಗಳ ಮೈಮೇಲೆ ಋಣ ವಿದ್ಯುದಂಶ ಮೂಡಿಸಿದರೆ ಅವು ತಾವಾಗಿಯೇ ಒಂದನ್ನೊಂದು ದೂರ ತಳ್ಳುತ್ತವೆ. ಆಮೇಲೆ ನೀರಿನಲ್ಲಿ ಕಲಸಿ, ಭಾರೀ ಒತ್ತಡದಲ್ಲಿ ಕಿರಿದಾದ ಕೊಳವೆಯ ಮೂಲಕ ನುಗ್ಗಿಸುತ್ತಾರೆ. ಟೆಂಪೊ ದಾರಿಯಲ್ಲಿ ಸಿಗುವ ಎಳೆಯ ದಪ್ಪ 3–4 ನ್ಯಾನೋಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್). ಹೀಗೆ ಸಿಗುವ ನಾರಿನ ಜೆಲ್ಲಿನ 100 ಗ್ರಾಂನಲ್ಲಿ 98 ಗ್ರಾಂ ನೀರೇ ಇದ್ದರೂ ಸುರಿದರೆ ಹರಿಯದು, ಗಟ್ಟಿ ಗಂಜಿಯಂತೆ ನಿಲ್ಲುತ್ತದೆ.

ಎರಡನೆಯದು ಬೆರಕೆ. ನಾರಿಗೆ ಕಂದು ಕಡಲಕಳೆಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟು ಸೇರಿಸಬೇಕು. ಗೊಥೆನ್‌ಬರ್ಗ್‌ನ ಒಂದು ಹದದಲ್ಲಿ ಒಣತೂಕದ ಲೆಕ್ಕದಲ್ಲಿ ನಾರು ನಾಲ್ಕು ಪಾಲು, ಆಲ್ಜಿನೇಟ್ ಒಂದು ಪಾಲು. ಇದಕ್ಕೆ ಮನುಷ್ಯರ ಮೃದ್ವಸ್ಥಿ ಜೀವಕೋಶಗಳನ್ನು ಮೆಲ್ಲಗೆ ಕಲಸುತ್ತಾರೆ.

ಮೂರನೆಯದನ್ನು ಚಕ್ಕುಲಿ ಒತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ಒತ್ತಿದಾಗ ಸಲೀಸಾಗಿ ಇಳಿಯಬೇಕು, ಬಿದ್ದ ಮೇಲೆ ಸುತ್ತು ಕೆಡಬಾರದು. ಗಟ್ಟಿಯಾದರೆ ಜೋರಾಗಿ ಒತ್ತಬೇಕಾಗುತ್ತದೆ. ಇಲ್ಲಿ ಜೋರಾಗಿ ಒತ್ತಿದರೆ ಸಾಯುವುದು ಜೀವಕೋಶ. ತೆಳ್ಳಗಾದರೆ ಆಕಾರವೇ ನಿಲ್ಲದು. ಆಲ್ಜಿನೇಟ್ ಒಂದನ್ನೇ ಒತ್ತಿದರೆ ಹರಡಿಕೊಳ್ಳುತ್ತದೆ. ನಾರಿನ ಎಳೆಗಳಾದರೋ ಒತ್ತಡ ಬಿದ್ದಾಗ ಜಾರಿ, ಬಿಟ್ಟೊಡನೆ ಮತ್ತೆ ಹೆಣೆದುಕೊಳ್ಳುತ್ತವೆ. ಇಡೀ ವಿದ್ಯೆಯ ಜಾಣತನವಿರುವುದು ಈ ಹದದಲ್ಲೇ ಎಂದು ನನಗನ್ನಿಸುತ್ತದೆ. ಸ್ಕ್ಯಾನ್ ಚಿತ್ರವನ್ನೇ ನಕ್ಷೆಯಾಗಿಟ್ಟುಕೊಂಡು 3ಡಿ ಪ್ರಿಂಟರ್ ಪದರದ ಮೇಲೆ ಪದರ ಒತ್ತುತ್ತಾ ಹೋಗುತ್ತದೆ. ಗೊಥೆನ್‌ಬರ್ಗ್ ತಂಡ ಮನುಷ್ಯನ ಕಿವಿ, ಕುರಿಯ ಮಂಡಿಯೊಳಗಿನ ಮೆತ್ತೆಯ ಆಕಾರಗಳನ್ನು ಒತ್ತಿ ತೋರಿಸಿತು.

ಒತ್ತಿದ್ದನ್ನು ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಕ್ಯಾಲ್ಸಿಯಂ ಆಲ್ಜಿನೇಟ್ ಸರಪಳಿಗಳಿಗೆ ಕೊಂಡಿ ಹಾಕುತ್ತದೆ, ಜೆಲ್ ಗಟ್ಟಿಯಾಗುತ್ತದೆ. ಬಳಿಕ ಪೋಷಕ ದ್ರವದಲ್ಲಿಟ್ಟು ಸಾಕುವುದು. ಪರೀಕ್ಷಿಸಿದಾಗ ಮೊದಲ ದಿನ 73%, ಏಳನೆಯ ದಿನ 86% ಜೀವಕೋಶಗಳು ಬದುಕಿದ್ದವು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಜೆಲ್ಲನ್ನು ಇಲಿಗಳ ಚರ್ಮದಡಿ ಇಟ್ಟಾಗ, ಮನುಷ್ಯ ಜೀವಕೋಶಗಳು ಅಲ್ಲೇ ಮೃದ್ವಸ್ಥಿ ಕಟ್ಟತೊಡಗಿದ್ದವು.

ಹಾಗಾದರೆ ಅಜ್ಜಿಯ ಮಂಡಿಗೆ ಯಾವಾಗ? ಅವಸರ ಬೇಡ. ಹುಲ್ಲು ತಿನ್ನುವ ಹಸುವಿಗೂ ಸೆಲ್ಯುಲೋಸ್ ಕರಗಿಸಲು ಹೊಟ್ಟೆಯ ಸೂಕ್ಷ್ಮಜೀವಿಗಳ ನೆರವು ಬೇಕು. ನಮ್ಮ ಕೀಲಿನಲ್ಲಿ ಅದನ್ನು ಕರಗಿಸುವ ಕಿಣ್ವವೇ ಇಲ್ಲ. ಹೊಸ ಮೃದ್ವಸ್ಥಿ ಬೆಳೆದ ಮೇಲೂ ನಾರು ಅಲ್ಲೇ ಉಳಿಯುತ್ತದೆ. ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಬೀಳುವುದು ದೇಹತೂಕದ ಹಲವು ಪಟ್ಟು ಭಾರ, ಜೆಲ್ ಇನ್ನೂ ಅಷ್ಟು ಗಟ್ಟಿಯಿಲ್ಲ. ವಯಸ್ಸಾಗಿ ಇಡೀ ಕೀಲು ಸವೆದಿದ್ದರೆ ತೇಪೆ ಹಾಕಲು ಅಂಚಾದರೂ ಎಲ್ಲಿ ಸಿಕ್ಕೀತು? ಆಟದಲ್ಲಿ ಪೆಟ್ಟಾಗಿ ಬಿದ್ದ ಚಿಕ್ಕ ಕುಳಿಯ ಮಾತು ಬೇರೆ. ನನ್ನನ್ನು ಕೇಳಿದರೆ, ಈ ಜೆಲ್ ಮೊದಲು ಸೇರುವುದು ಮಂಡಿಯನ್ನಲ್ಲ, ಭಾರ ಹೊರಬೇಕಿಲ್ಲದ ಕಿವಿ ಮೂಗನ್ನು.