ಈಮ್ ಗ್ರಾಮಕ್ಕೆ ಹೋಗುವ ಹೊಸಬರಿಗೆ

ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಸ್ಪತ್ರೆಗಳಿಗೋ ವಿಶ್ವವಿದ್ಯಾಲಯಗಳಿಗೋ ಹೊಸದಾಗಿ ಬಂದವರು ಹತ್ತಿರದಲ್ಲಿ ನೋಡಬೇಕಾದ ಹಳ್ಳಿ ಯಾವುದೆಂದು ಕೇಳಿದರೆ, ನಾನು ಮೊದಲು ಹೇಳುವುದು ಡರ್ಬಿಶೈರಿನ ಈಮ್. ಈ ಊರು 1951ರಲ್ಲಿ ಘೋಷಣೆಯಾದ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದೊಳಗಿದೆ. ಬಂಡೀಪುರವನ್ನು ನೆನೆದು ವನ್ಯಮೃಗಗಳ ಕಾಡನ್ನು ನಿರೀಕ್ಷಿಸಬೇಡಿ. ಇದು ಜನರು ಬದುಕುವ, ಕುರಿಗಳು ಮೇಯುವ, ಕಲ್ಲುಬೇಲಿಗಳ ಗುಡ್ಡಗಾಡು.

1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಊರನ್ನು ಹೊಕ್ಕಿತೆಂಬುದು ಇಲ್ಲಿಯ ನಂಬಿಕೆ. ಮರುವರ್ಷ ರೋಗ ಉಲ್ಬಣಿಸಿದಾಗ, ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗಿಂತ ಹಿಂದೆ ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಇಬ್ಬರೂ ಸೇರಿ, ಯಾರೂ ಎಲ್ಲೆ ದಾಟಿ ಸುತ್ತಲಿನ ಊರುಗಳಿಗೆ ರೋಗವನ್ನು ಒಯ್ಯಬಾರದೆಂದು ಜನರನ್ನು ಒಪ್ಪಿಸಿದರು. ಹೊರಗಿನವರು ಎಲ್ಲೆಯಲ್ಲಿ ಆಹಾರವಿಟ್ಟು ಹೋಗುತ್ತಿದ್ದರು. ಅದರ ಬೆಲೆಯಾಗಿ ಊರವರು, ಸೋಂಕು ಹರಡದಿರಲೆಂದು ಎಲ್ಲೆಗಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯಗಳನ್ನು ಇಡುತ್ತಿದ್ದರು. ಪಕ್ಕದ ಹಳ್ಳಿ ಸ್ಟೋನಿ ಮಿಡಲ್‌ಟನ್ ಕಡೆಯ ಕಾಲುದಾರಿಯಲ್ಲಿ ಆ ಕಲ್ಲು ಇಂದಿಗೂ ಇದೆ, ಕುಳಿಗಳಲ್ಲಿ ಬೆರಳಿಟ್ಟು ನೋಡಬಹುದು. ಸತ್ತವರು ಸುಮಾರು 260 ಮಂದಿ. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಮಣ್ಣು ಮಾಡಿದಳು. ರೈಲಿ ಗ್ರೇವ್ಸ್ ಎಂಬ ಆ ಸಮಾಧಿಗಳು ಊರಾಚೆಯ ಹೊಲದ ನಡುವೆ ಇವೆ. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆಗಳನ್ನು ಮನೆಯ ಹಿರಿಯರಿಂದ ಕೇಳಿ ಬೆಳೆದ ನನಗೆ, ಊರಲ್ಲೇ ಉಳಿದ ಈ ಜನರ ನಿರ್ಧಾರ ಎಷ್ಟು ಭಾರವಾದದ್ದೆಂಬುದು ಅಲ್ಲಿ ನಿಂತಾಗಲೇ ಅರಿವಾಯಿತು.

ಚರ್ಚಿನ ಪಕ್ಕದ ಮನೆಗಳ ಮುಂದೆ ಸತ್ತವರ ಹೆಸರಿನ ಫಲಕಗಳಿವೆ. ಆ ಮನೆಗಳಲ್ಲಿ ಈಗಲೂ ಸಂಸಾರಗಳಿವೆ. ಆದ್ದರಿಂದ ಫಲಕವನ್ನು ರಸ್ತೆಯಲ್ಲೇ ನಿಂತು ಓದಿ, ಕಿಟಕಿಯೊಳಗೆ ಇಣುಕಬೇಡಿ, ಅಂಗಳಕ್ಕೆ ಕಾಲಿಡಬೇಡಿ.

ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕ ಕಾಲುದಾರಿಗಳಿದ್ದು, ಹಳದಿ ಬಾಣದ ಗುರುತಿರುವಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ಆದರೆ ದಾರಿ ಬಿಟ್ಟು ಹುಲ್ಲು ತುಳಿಯಬಾರದು. ಗೇಟು ತೆರೆದಿದ್ದರೆ ತೆರೆದಂತೆ, ಮುಚ್ಚಿದ್ದರೆ ಮುಚ್ಚಿದಂತೆ ಬಿಟ್ಟು ಮುಂದೆ ಹೋಗಬೇಕು. ವಸಂತದಲ್ಲಿ ಕುರಿಮರಿಗಳು ಎಷ್ಟೇ ಮುದ್ದಾಗಿ ಕಂಡರೂ ಮಕ್ಕಳನ್ನು ಅವುಗಳ ಹಿಂದೆ ಓಡಲು ಬಿಡಬೇಡಿ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ, ಗುಡ್ಡಗಳ ಮರೆಯಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ. ಕಾಗದದ ನಕ್ಷೆಯೂ ಟಾರ್ಚೂ ಚೀಲದಲ್ಲಿರಲಿ.

ಒಮ್ಮೆ ಮಾತ್ರ ಹೋಗಲು ಸಾಧ್ಯವೆಂದಾದರೆ ಆಗಸ್ಟಿನ ಕೊನೆಯ ಭಾನುವಾರದ ಆಸುಪಾಸಿನಲ್ಲಿ ಹೋಗಿ. ಅಂದು ಪ್ಲೇಗಿನಲ್ಲಿ ಮಡಿದವರ ಸ್ಮರಣೆ ನಡೆಯುತ್ತದೆ. ಅದೇ ಹೊತ್ತಿಗೆ ಹಸಿ ಜೇಡಿಮಣ್ಣು ಮೆತ್ತಿದ ಹಲಗೆಗಳ ಮೇಲೆ ಹೂವಿನ ಎಸಳುಗಳನ್ನು ಒತ್ತಿ ರಚಿಸಿದ ಚಿತ್ರಗಳಿಂದ ಊರಿನ ನೀರಿನ ತಾಣಗಳನ್ನು ಸಿಂಗರಿಸಿರುತ್ತಾರೆ. ಆಗ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಶೆಫೀಲ್ಡಿನಿಂದ ಗ್ರಿಂಡಲ್‌ಫೋರ್ಡಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಸುಮಾರು 3 ಮೈಲಿ ಏರುದಾರಿ ನಡೆದು ಊರು ಸೇರುವುದೇ ನನ್ನ ರೂಢಿ.